ಈ ಮಳೆಗೆ ಏನು?

ನಾನು ನಾಲ್ಕನೇ ಕ್ಲಾಸು ಪಾಸಾದದ್ದು 1972ರ ಬೇಸಿಗೆಯಲ್ಲಿ. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಅರಸೀಕೆರೆಗೂ ತಿಪಟೂರಿಗೂ ನಡುವೆ, ತೆಂಗು ಮತ್ತು ರಾಗಿಯ ಸೀಮೆಯಲ್ಲಿ ನಮ್ಮೂರು. ಕೊನೆಯ ದಿನ ಮೇಷ್ಟ್ರು ಒಬ್ಬೊಬ್ಬರ ಹೆಸರು ಕೂಗಿ ಪಾಸು-ಫೇಲು ಹೇಳಿದರು. ಆಮೇಲೆ ರಜೆಯ ಕೆಲಸ ಕೊಟ್ಟರು: ದಿನಕ್ಕೆ ಎರಡು ಪುಟ ಕಾಪಿ, ಇಪ್ಪತ್ತರ ತನಕ ಮಗ್ಗಿ. ಓದಲು ತಡವರಿಸುವವನಿಗೂ ಅದೇ, ಮೇಷ್ಟ್ರಿಲ್ಲದಾಗ ಒಂದನೇ ಕ್ಲಾಸಿಗೆ ಪಾಠ ಹೇಳುತ್ತಿದ್ದವಳಿಗೂ ಅದೇ. ಈ ರಜೆಯಲ್ಲಿ ನಿನಗೇನು ಕಲಿಯಬೇಕು ಅಂತಿದೆ ಎಂದು ಮಗುವನ್ನು ಕೇಳುವುದು ಶಾಲೆಯಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ಕೇಳಲಿಲ್ಲವಲ್ಲ ಎಂದು ನಮಗೆ ಬೇಸರವೂ ಆಗಲಿಲ್ಲ. ಕೇಳಬಹುದು ಎಂಬುದೇ ಗೊತ್ತಿರಲಿಲ್ಲ.

ಕಲಿಯುವ ಆಸೆ ಮಾತ್ರ ಎಲ್ಲರಿಗೂ ಇತ್ತು. ಗಂಡುಹುಡುಗರಿಗೆ ಬೇಸಿಗೆಯೆಂದರೆ ಈಜು. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಇಳಿಯುತ್ತಿದ್ದರು. ನನ್ನ ತಮ್ಮ ಆ ವರ್ಷ ಬುರುಡೆ ಬಿಚ್ಚಿ ಈಜಿದ. ನಾನು ಮೇಲೆ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ಹೆಣ್ಣುಮಕ್ಕಳು ಬಾವಿಗೆ ಇಳಿಯುವ ಹಾಗಿರಲಿಲ್ಲ. ನನಗೆ ಇವತ್ತಿಗೂ ಈಜು ಬರುವುದಿಲ್ಲ.

ನನಗೆ ಬೇಕಾಗಿದ್ದದ್ದು ಸೈಕಲ್. ಅಪ್ಪನ ಸೈಕಲ್ ದೊಡ್ಡದು, ಸೀಟು ನನ್ನ ಕತ್ತಿನವರೆಗೆ ಬರುತ್ತಿತ್ತು. ಹೊಲದಿಂದ ಬಂದು ಉಂಡು ಜಗಲಿಯ ಮೇಲೆ ಮಲಗಿದರೆ, ಎರಡೂವರೆಯ ಬಸ್ಸಿನ ಹಾರನ್ ಕೇಳುವ ತನಕ ಅಪ್ಪ ಏಳುತ್ತಿರಲಿಲ್ಲ. ಅಷ್ಟು ಹೊತ್ತು ಸೈಕಲ್ ಗೋಡೆಗೆ ಒರಗಿರುತ್ತಿತ್ತು. ಮನೆಯ ಹಿಂದೆ ಒಕ್ಕಣೆ ಮುಗಿದು ಖಾಲಿ ಬಿದ್ದ ಕಣ, ಸಿಮೆಂಟಿನ ಹಾಗೆ ಗಟ್ಟಿ. ಮೊದಲ ಮೂರು ದಿನ ಎಡಗಾಲು ಪೆಡ್ಲಿನ ಮೇಲಿಟ್ಟು ಬಲಗಾಲಲ್ಲಿ ನೆಲ ಒದ್ದು ಸಾಗುವುದಷ್ಟೇ ಮಾಡಿದೆ. ನಾಲ್ಕನೇ ದಿನ ಬಲಗಾಲನ್ನು ತ್ರಿಕೋನದೊಳಗೆ ತೂರಿಸಿ ಒಳಪೆಡ್ಲು, ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ. ಆರನೇ ದಿನ ಬಿದ್ದು ಮೊಣಕಾಲ ಕೆಳಗೆ ಚರ್ಮ ಸುಲಿಯಿತು. ಅವ್ವ ಕೇಳಿದ್ದಕ್ಕೆ ಬೇಲಿ ಮುಳ್ಳು ಎಂದೆ, ಅರಿಶಿನ ಹಚ್ಚಿದಳು. ಹನ್ನೊಂದನೇ ದಿನ ಕಣವನ್ನು ಮೂರು ಸುತ್ತು ಸುತ್ತಿದೆ. ಯಾರೂ ನೋಡಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಆ ಹನ್ನೊಂದು ದಿನದಲ್ಲಿ ಒಂದು ಯೋಜನೆಗೆ ಬೇಕಾದದ್ದೆಲ್ಲ ಇತ್ತು ಎಂದು ನನಗೆ ಹೊಳೆದದ್ದು ಮೂವತ್ತು-ನಲವತ್ತು ವರ್ಷದ ಮೇಲೆ. ಗೊತ್ತಾದ ಹೊತ್ತಿತ್ತು, ಗೊತ್ತಾದ ಜಾಗವಿತ್ತು, ಇವತ್ತಿಗೆ ಇಷ್ಟೇ ಎಂಬ ಅಳತೆಯಿತ್ತು. ಹಾಗೆಂದು ಆ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. ಅಪ್ಪನ ನಿದ್ದೆ, ಖಾಲಿ ಕಣ, ಮನೆಯಲ್ಲೊಂದು ಸೈಕಲ್, ಇವು ಮೂರೂ ನನಗೆ ಸಿಕ್ಕಿದ್ದು ಅದೃಷ್ಟ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಅದೇ ಬೇಸಿಗೆಯಲ್ಲಿ ಕುರಿ ಕಾಯಲು ಹೋದವಳು ಐದನೇ ಕ್ಲಾಸಿಗೆ ಬರಲೇ ಇಲ್ಲ. ಅವಳಿಗೆ ಏನು ಕಲಿಯಬೇಕೆಂದಿತ್ತೋ ಯಾರಿಗೂ ಗೊತ್ತಿಲ್ಲ. ನಾನೂ ಕೇಳಿರಲಿಲ್ಲ.

ಆ ಬೇಸಿಗೆಯ ಇನ್ನೊಂದು ನೆನಪು ತಾತನದು. ತಾತನಿಗೆ ಜನವರಿ, ಫೆಬ್ರವರಿ ಲೆಕ್ಕಕ್ಕಿರಲಿಲ್ಲ. ಅವನ ವರ್ಷ ಮಳೆಗಳ ವರ್ಷ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ್ದೇ ಹೆಸರು. ಏಪ್ರಿಲ್ ನಡುವೆ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವುದನ್ನು ಅವನು ಗಾದೆಯ ಹಾಗೆ ಹೇಳುತ್ತಿರಲಿಲ್ಲ, ಕೆಲಸದ ಹಾಗೆ ಹೇಳುತ್ತಿದ್ದ. ಪಂಚಾಂಗದಲ್ಲಿ ಮಳೆ ಹುಟ್ಟುವ ದಿನ ನೋಡಿಸಿಕೊಂಡು ಬಂದು ಅಪ್ಪನನ್ನು ಕೇಳುತ್ತಿದ್ದ: "ಈ ಮಳೆಗೆ ಏನ್ಲಾ?" ವರ್ಷದ ಬೆಳೆಯ ಮಾತಿಲ್ಲ. ಈ ಹದಿನಾಲ್ಕು ದಿನದಲ್ಲಿ ಯಾವ ಹೊಲ, ಏನು ಬೀಜ, ಯಾರು ಕೂರಿಗೆ ಹಿಡಿಯುವುದು ಎಂಬಷ್ಟೇ.

1972ರಲ್ಲಿ ಮುಂಗಾರು ಕೈಕೊಟ್ಟಿತು. ಪುಷ್ಯ ಮಳೆಗೆ ಹಾಕಿದ ರಾಗಿ ಮೊಳೆತು, ಗೇಣುದ್ದ ಆಗುವ ಮೊದಲೇ ಸುಟ್ಟುಹೋಯಿತು. ತಾತ ಹುಬ್ಬೆ ಮಳೆಯವರೆಗೆ ಕಾದ. ಒಂದು ಹದ ಆಯಿತು. ಅದೇ ಹೊಲಕ್ಕೆ ಹುರುಳಿ ಚೆಲ್ಲಿಸಿದ. "ರಾಗಿ ಹೋಯ್ತು, ಹುರುಳಿ ಹಾಕಿದ್ದೀನಿ" ಎಂದು ಅಜ್ಜಿಗೆ ಹೇಳಿದ ದನಿಯಲ್ಲಿ ದುಃಖವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಹುರುಳಿಯ ಮಾತು ಅವನು ರಾಗಿ ಬಿತ್ತುವ ದಿನವೇ ಆಡಿದ್ದ. ಆ ವರ್ಷ ನಾವು ಉಂಡದ್ದು ಹೆಚ್ಚಾಗಿ ಹುರುಳಿಯನ್ನೇ.

ನಾನು ಟೀಚರಾಗಿ ಕೆಲಸಕ್ಕೆ ಸೇರಿದ್ದು 1988ರಲ್ಲಿ, ಪಕ್ಕದ ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆಗೆ. ಹಾಜರಿ ಪುಸ್ತಕವೇ ಅಲ್ಲಿ ಕಾಲಗಳನ್ನು ಹೇಳುತ್ತಿತ್ತು. ಕಳೆ ಕೀಳುವಾಗ ಹೆಣ್ಣುಮಕ್ಕಳ ಸಾಲಿನಲ್ಲಿ ಗೈರು, ರಾಗಿ ಕೊಯ್ಲಿಗೆ ಎಲ್ಲರದ್ದೂ ಗೈರು, ಶಿವರಾತ್ರಿ ಆಸುಪಾಸಿನಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೆಯುವ ಮನೆಗಳ ಮಕ್ಕಳ ಗೈರು. ಜೂನ್‌ನಲ್ಲಿ ನಾನು ಹಾಕುತ್ತಿದ್ದ ವಾರ್ಷಿಕ ಪಾಠ ಯೋಜನೆಗೂ ಈ ಮಕ್ಕಳ ವರ್ಷಕ್ಕೂ ಸಂಬಂಧವೇ ಇರಲಿಲ್ಲ. ಬಹಳ ವರ್ಷ ನಾನು ಅದನ್ನು ಮಕ್ಕಳ ಮತ್ತು ತಾಯ್ತಂದೆಯರ ತಪ್ಪು ಎಂದೇ ತಿಳಿದಿದ್ದೆ.

ಆಮೇಲೆ ನಲಿ-ಕಲಿ ಬಂತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಾಲೆಗಳಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿನ ಟೀಚರುಗಳು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿಕೊಂಡು ಬಂದು ಕಟ್ಟಿದ್ದು. 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ವಿಸ್ತರಿಸಿತು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ, ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಮತ್ತೆ ಹಿಡಿಯುತ್ತದೆ. ಗೋಡೆಯ ಮೇಲೆ ಪ್ರಗತಿ ನೋಟ ಇರುತ್ತದೆ, ತಾನು ಎಲ್ಲಿದ್ದೇನೆಂದು ಮಗುವೇ ನೋಡಬಹುದು. ಹುಣಸೆಹಣ್ಣಿನ ಮನೆಯ ಮಗು ಇಪ್ಪತ್ತು ದಿನ ತಪ್ಪಿಸಿ ಬಂದರೂ ಫೇಲಾದ ಹಾಗೆ ಕೂರಬೇಕಾಗಿರಲಿಲ್ಲ. ನನ್ನ ಕೆಲಸದ ಕಾಲದಲ್ಲಿ ಸರ್ಕಾರ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ಇವತ್ತೂ ನಂಬಿದ್ದೇನೆ. ಆದರೆ ಏಣಿಯ ಮೆಟ್ಟಿಲು ಯಾವುದಿರಬೇಕು ಎಂದು ಮಗುವನ್ನು ಕೇಳಿರಲಿಲ್ಲ. ಕೇಳಲೂ ಆಗುವುದಿಲ್ಲ, ಅಕ್ಷರ ಅಕ್ಷರವೇ. ಮಗುವಿನ ಸ್ವಂತ ಗುರಿಗೆ ಬೇರೆ ಜಾಗ ಬೇಕು ಎಂದು ನನಗೆ ಅನ್ನಿಸತೊಡಗಿತು. ಅನ್ನಿಸಿದ್ದನ್ನು ಮಾಡಲು ಹೋಗಿ ತಪ್ಪು ಮಾಡಿದೆ.

2010ರ ದಸರಾ ರಜೆಗೆ ಮುಂಚೆ ಒಂದು ದೊಡ್ಡ ಡ್ರಾಯಿಂಗ್ ಶೀಟ್ ತಂದು ಗೆರೆ ಹಾಕಿದೆ. ಎಡಕ್ಕೆ ಮಕ್ಕಳ ಹೆಸರು, ಮುಂದೆ ಅವರವರ ರಜೆಯ ಗುರಿ, ಅದರ ಮುಂದೆ ಚುಕ್ಕಿ ಅಂಟಿಸಲು ಮನೆಗಳು. ಗುರಿ ಹೇಳಿ ಎಂದೆ. ನನ್ನ ಮುಖ ನೋಡಿ ನನಗೆ ಇಷ್ಟವಾಗುವುದನ್ನು ಹೇಳಿದರು: ಹತ್ತು ಕತೆ ಓದ್ತೀನಿ, ಹದಿನೈದರ ತನಕ ಮಗ್ಗಿ ಕಲೀತೀನಿ. ನನ್ನ ಕಾಲದ ಮೇಷ್ಟ್ರು ಬಾಯಲ್ಲಿ ಹೇಳಿದ್ದನ್ನೇ ನಾನು ಮಕ್ಕಳ ಬಾಯಲ್ಲಿ ಹೇಳಿಸಿದ್ದೆ. ಹತ್ತು ಕತೆಯಾಗುವಷ್ಟು ಪುಸ್ತಕ ಅವರ ಮನೆಯಲ್ಲಿ ಇವೆಯೇ ಎಂದೂ ನೋಡಿರಲಿಲ್ಲ. ರಜೆ ಮುಗಿದು ಬಂದವರಿಗೆ ಚುಕ್ಕಿ ಅಂಟಿಸಿದೆ. ಮೂರನೇ ತರಗತಿಯ ಒಬ್ಬ ಹುಡುಗನ ಸಾಲು ಪೂರ್ತಿ ಖಾಲಿ. ಮನೆಯವರ ಜೊತೆ ಸಕಲೇಶಪುರದ ಕಡೆ ಎಸ್ಟೇಟಿಗೆ ಕೂಲಿಗೆ ಹೋಗಿದ್ದ, ಎಂಟು ದಿನ ತಡವಾಗಿ ಬಂದ. ನಾನು ಬೈಯಲಿಲ್ಲ, ಆದರೆ ಶೀಟು ಗೋಡೆಯ ಮೇಲೇ ಇತ್ತು. ಒಂದು ವಾರದ ಮೇಲೆ ನೋಡಿದರೆ ಅವನ ಹೆಸರಿದ್ದ ಜಾಗದಲ್ಲಿ ಕಾಗದವೇ ಇಲ್ಲ. ಉಗುರಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಕೆರೆದು ತೂತು ಮಾಡಿದ್ದ, ಹಿಂದಿನ ಸುಣ್ಣದ ಗೋಡೆ ಕಾಣುತ್ತಿತ್ತು. ಅವತ್ತೇ ಶೀಟು ಇಳಿಸಿದೆ. ಅವನನ್ನು ಕರೆದು ತಪ್ಪು ನನ್ನದು ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಮುಂದೆ ಒಂದು ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಅಮೆರಿಕದ ಒಂದು ಅಧ್ಯಯನದ ವಿಷಯ ಹೇಳಿದರು. ಆಲ್ಬರ್ಟ್ ಬಂಡುರಾ ಮತ್ತು ಡೇಲ್ ಶಂಕ್ ಎಂಬ ಮನಶ್ಶಾಸ್ತ್ರಜ್ಞರು 1981ರಲ್ಲಿ ಪ್ರಕಟಿಸಿದ್ದು. ಕಳೆಯುವ ಲೆಕ್ಕ ಬಾರದ ಏಳರಿಂದ ಹತ್ತು ವರ್ಷದ ಮಕ್ಕಳನ್ನು ಗುಂಪು ಮಾಡಿದರು. ಒಂದು ಗುಂಪಿಗೆ ಪ್ರತಿ ಸಲ ಕೂತಾಗ 6 ಪುಟ ಮುಗಿಸುವುದು ಗುರಿ. ಇನ್ನೊಂದಕ್ಕೆ 7 ಸಲ ಕೂತು ಒಟ್ಟು 42 ಪುಟ ಮುಗಿಸುವುದು ಗುರಿ. ಲೆಕ್ಕ ಮಾಡಿದರೆ ಎರಡೂ ಒಂದೇ. ಹತ್ತಿರದ ಗುರಿಯಿದ್ದವರು ಎಲ್ಲರಿಗಿಂತ ಚೆನ್ನಾಗಿ ಕಲಿತರು, ತಮಗೆ ಬರುತ್ತದೆ ಎಂಬ ನಂಬಿಕೆಯೂ ಅವರಿಗೇ ಹೆಚ್ಚು ಬಂತು. ದೂರದ ಗುರಿಯವರಿಗೆ, ಗುರಿಯೇ ಕೊಡದವರಿಗಿಂತ ಹೆಚ್ಚೇನೂ ಲಾಭವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಟೀಚರು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ನನಗೆ ನೆನಪಾದದ್ದು ತಾತ. ವರ್ಷದ ಬೆಳೆಯನ್ನು ಯಾರೂ ಒಂದೇ ಸಲ ಬಿತ್ತುವುದಿಲ್ಲ.

ಆದರೂ ಅದು ಕೈಗೆ ಬಂದದ್ದು 2020ರಲ್ಲಿ. ಕೊರೋನಾದಿಂದ ಶಾಲೆ ಮುಚ್ಚಿತ್ತು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ನಾವೇ ಮಕ್ಕಳಿದ್ದ ಕಡೆ ಹೋಗಿ ಪಾಠ ಮಾಡಬೇಕಾಯಿತು. ದೇವಸ್ಥಾನದ ಮುಂದಿನ ಹೊಂಗೆಮರದ ಕೆಳಗೆ ಆರೇಳು ಮಕ್ಕಳು, ದೂರ ದೂರ. ಗಂಟೆ ಇಲ್ಲ, ವೇಳಾಪಟ್ಟಿ ಇಲ್ಲ, ನಾನು ಇನ್ನೊಂದು ಬೀದಿಗೆ ಹೋದ ದಿನ ಅವರು ತಾವೇ ಏನಾದರೂ ಮಾಡಿಕೊಳ್ಳಬೇಕು. ಮಘೆ ಮಳೆ ಹುಟ್ಟಿ ಎರಡು ದಿನವಾಗಿತ್ತು. ಬಾಯಿಗೆ ಬಂದದ್ದನ್ನು ಕೇಳಿದೆ: "ಈ ಮಳೆಗೆ ನೀವೇನು ಮಾಡ್ತೀರ?"

ಆ ಮಕ್ಕಳಿಗೆ ಮಳೆಗಳ ಹೆಸರು ಗೊತ್ತಿತ್ತು. ಹದಿನಾಲ್ಕು ದಿನ ಎಂದರೆ ಎಷ್ಟು ಎಂಬುದೂ ಮೈಗೆ ಗೊತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಇಪ್ಪತ್ತು ಪುಟದ ನೋಟ್‌ಬುಕ್. ಒಂದು ಮಳೆಗೆ ಒಂದು ಪುಟ. ಮೇಲೆ ಮಳೆಯ ಹೆಸರು. ಕೆಳಗೆ ಮೂರೇ ಸಾಲು. ಏನು. ಯಾವಾಗ, ಎಲ್ಲಿ. ಮೂರನೆಯದಕ್ಕೆ ನಾವು ಇಟ್ಟ ಹೆಸರು 'ಹುರುಳಿ': ಅಂದುಕೊಂಡ ಹಾಗೆ ಆಗದಿದ್ದರೆ ಏನು ಮಾಡುತ್ತೀಯ ಎಂಬುದು. ಬರೆಯಲು ಬಾರದವರು ಚಿತ್ರ ಬರೆದರು. ಪುಸ್ತಕ ಅವರ ಹತ್ತಿರವೇ. ಗೋಡೆಗೆ ಏನೂ ಇಲ್ಲ, ಚುಕ್ಕಿ ಇಲ್ಲ, ಅವರೇ ತೋರಿಸಿದರೆ ಮಾತ್ರ ನಾನು ನೋಡುವುದು.

ಎರಡನೇ ತರಗತಿಯ ಹುಡುಗಿಯೊಬ್ಬಳು ಎರಡು ಜಡೆ ತಾನೇ ಹಾಕಿಕೊಳ್ಳಬೇಕು ಎಂದಳು. ಇನ್ನೊಬ್ಬ, ಹಸುವಿನ ಹತ್ತಿರ ಹೆದರದೆ ಹೋಗಿ ಹುಲ್ಲು ಹಾಕಬೇಕು ಎಂದ. ಇವನ್ನು ಶಾಲೆಯ ಗುರಿ ಎನ್ನಬಹುದೇ ಎಂದು ಮೊದಲ ದಿನ ನನಗೇ ಅಳುಕಿತ್ತು. ಆಮೇಲೆ ಹೋಯಿತು. ಒಂದು ಕೆಲಸವನ್ನು ತುಂಡು ಮಾಡಿಕೊಳ್ಳುವುದು, ಹೊತ್ತು ಗೊತ್ತುಮಾಡುವುದು, ಆಗದಿದ್ದಾಗ ಇನ್ನೊಂದು ದಾರಿ ಹಿಡಿಯುವುದು ಬಂದ ಮಗು ಅದನ್ನೇ ಲೆಕ್ಕಕ್ಕೂ ತರುತ್ತದೆ, ಓದಿಗೂ ತರುತ್ತದೆ.

ಹೆಚ್ಚು ನೆನಪಿರುವುದು ಬಸ್ ಬೋರ್ಡು ಓದುತ್ತೇನೆ ಎಂದವನು. ಒತ್ತಕ್ಷರದಲ್ಲಿ ಎಡವುತ್ತಿದ್ದ. ಸಂಜೆ ನಾಲ್ಕೂಕಾಲಿನ ಬಸ್ಸು ಅರಳಿಕಟ್ಟೆಯ ತಿರುವಿನಲ್ಲಿ ಕಂಡಾಗಿನಿಂದ ನಿಲ್ಲುವುದರೊಳಗೆ ಓದಿ ಮುಗಿಸಬೇಕು, ಅದು ಅವನೇ ಇಟ್ಟುಕೊಂಡ ಅಳತೆ. ಹುರುಳಿ ಸಾಲಿನಲ್ಲಿ, ಬಸ್ ಬರದಿದ್ದರೆ ರೇಷನ್ ಅಂಗಡಿ ಬೋರ್ಡು ಎಂದು ಬರೆದಿದ್ದ. ನಾಲ್ಕನೇ ದಿನ "ಆಯ್ತಾ?" ಎಂದೆ. ತಲೆ ಆಡಿಸಿದ.

"ತಿಪಟೂರು ಅಂತ ದಿನಾ ಓದ್ತೀನಿ. ಆದ್ರೆ ಆ ಟೈಮಿಗೆ ತಿಪಟೂರು ಬಸ್ಸೇ ಬರೋದು ಮಿಸ್. ಅದು ಓದಿದ್ದಲ್ಲ."

ಇಷ್ಟು ಪ್ರಾಮಾಣಿಕವಾಗಿ ತನ್ನನ್ನು ಅಳೆದುಕೊಂಡ ಮಗುವಿಗೆ ನಾನು ಹೇಳುವುದು ಏನೂ ಉಳಿದಿರಲಿಲ್ಲ. ಹಾಗಾದರೆ ಏನು ಮಾಡುತ್ತೀಯ ಎಂದಷ್ಟೇ ಕೇಳಿದೆ. ಮರುದಿನದಿಂದ ಬೆಳಿಗ್ಗೆ ಹೋಗಿ ನಿಂತ. ಆ ಹೊತ್ತಿನಲ್ಲಿ ಹುಳಿಯಾರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ, ಯಾವುದು ಬರುತ್ತದೆಂದು ಹೇಳಲಾಗದು. ಚಿಕ್ಕನಾಯಕನಹಳ್ಳಿಯಲ್ಲಿ ಎರಡು ಒತ್ತು. ಅದನ್ನು ತಿರುವಿನಲ್ಲೇ ಓದಿದ ದಿನ ನೋಟ್‌ಬುಕ್ ತಂದು ತೋರಿಸಿದ. ಮಘೆ ಮುಗಿದು ಹುಬ್ಬೆ ನಡೆಯುತ್ತಿತ್ತು. ಒಂದು ಮಳೆಯ ಕೆಲಸ ಎರಡು ಮಳೆ ತೆಗೆದುಕೊಂಡಿತ್ತು, ಅದನ್ನು ಅವನು ಹಾಗೆಯೇ ಬರೆದಿದ್ದ.

ನಾಲ್ಕನೇ ತರಗತಿಯ ಒಬ್ಬಳು ಮೊದಲ ಸಾಲಿನಲ್ಲಿ 'ಅಪ್ಪ ಕುಡಿಯೋದು ಬಿಡಿಸುವುದು' ಎಂದು ಬರೆದಿದ್ದಳು. ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಬೇರೆ ಕಡೆ ನೋಡುತ್ತಿದ್ದಳು. "ಇದು ನಿನ್ನ ಕೈಲಿಲ್ಲ ಕಂದ, ದೊಡ್ಡೋರ ಕೆಲಸ ಇದು. ನಿನ್ನ ಕೈಲಿರೋದು ಒಂದು ಹೇಳು" ಎಂದೆ. ಹೇಳುವಾಗ ಕಲ್ಲಿನ ಹಾಗೆ ಕೇಳಿಸಬಹುದು ಎಂಬ ಭಯ ನನಗಿತ್ತು. ಎರಡು ದಿನ ಬಿಟ್ಟು ಅದನ್ನು ಹೊಡೆದುಹಾಕಿ ಕೆಳಗೆ ಬರೆದಳು: ಸಂಜೆ ಆರರಿಂದ ಎಂಟು, ಅಜ್ಜಿ ಮನೆ, ಓದುವುದು. ಹುರುಳಿಯ ಸಾಲಿನಲ್ಲಿ ಟೀಚರ್ ಮನೆ ಎಂದಿತ್ತು. ನಾನು ಅಜ್ಜಿಯನ್ನೂ ಅವಳ ಅವ್ವನನ್ನೂ ಕಂಡು ಮಾತಾಡಿದೆ. ಅಪ್ಪನ ವಿಷಯದಲ್ಲಿ ನಾವು ಯಾರೂ ಹೆಚ್ಚೇನೂ ಮಾಡಲಾಗಲಿಲ್ಲ. ಅವಳು ಎರಡು ಸಲ ನಮ್ಮ ಮನೆಗೂ ಬಂದಳು.

ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ವಿದ್ಯಾಗಮ ನಿಂತಿತು. ನೋಟ್‌ಬುಕ್ ನಿಲ್ಲಲಿಲ್ಲ, ಅದಕ್ಕೆ ನಾನು ಬೇಕಾಗಿರಲಿಲ್ಲ. ನವೆಂಬರ್ 14ಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು' ಶುರುವಾಗಿ, ಆರರಿಂದ ಹದಿನೆಂಟು ವರ್ಷದವರಿಗೆ ಕಾಸಿಲ್ಲದೆ ಸದಸ್ಯತ್ವ ಕೊಟ್ಟರು. ಆ ವಿಶಾಖೆ ಮಳೆಯಲ್ಲಿ ಐದು ಮಕ್ಕಳ ಪುಟದಲ್ಲಿ ಕತೆ ಪುಸ್ತಕ ಎಂದು ಬಂದಿತ್ತು. ಹತ್ತು ವರ್ಷದ ಹಿಂದೆ ನಾನು ಬರೆಸಿದ್ದ ಗುರಿಯೇ. ಈ ಸಲ ಪುಸ್ತಕವೂ ಇತ್ತು, ಬರೆದದ್ದೂ ಅವರೇ.

2022ರಲ್ಲಿ ನಿವೃತ್ತಿಯಾಯಿತು. ಈಗ ವರ್ಷದಲ್ಲಿ ನಾಲ್ಕು ತಿಂಗಳು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿರುತ್ತೇನೆ. 2024ರ ಏಪ್ರಿಲ್‌ನಲ್ಲಿ ಮೂರನೇ ತರಗತಿ ಮುಗಿಸಿದ ಮೊಮ್ಮಗಳು ಶಾಲೆಯಿಂದ ಒಂದು ಬಣ್ಣದ ಹಾಳೆ ತಂದಳು. ಮೈ ಸಮ್ಮರ್ ಗೋಲ್ಸ್. ಐದು ಮೋಡಗಳ ಚಿತ್ರ, ಒಂದೊಂದರಲ್ಲಿ ಒಂದು ಗುರಿ. ಹಾಳೆ ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ಮಗುವಿಗೆ ಗುರಿ ಇರಬಹುದು ಎಂದು ಒಂದು ಶಾಲೆ ಒಪ್ಪಿಕೊಳ್ಳಲು ಐವತ್ತು ವರ್ಷ ಹಿಡಿದಿದೆ. ಸೊಸೆ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ ಏಳಕ್ಕೆ. "ಅತ್ತೆ, ನಾಳೆ ಇದರ ಫೋಟೋ ಗ್ರೂಪಿಗೆ ಹಾಕ್ಬೇಕು" ಎನ್ನುತ್ತಾ ಊಟದ ಮೇಜಿನ ಮೇಲೆ ಅವಳೇ ತುಂಬಿಸಿದಳು. ಇಪ್ಪತ್ತು ಪುಸ್ತಕ, ಈಜು, ಅಬ್ಯಾಕಸ್, ಕೀಬೋರ್ಡು, ಕಡಿಮೆ ಸ್ಕ್ರೀನ್. ಈಜು ಎಂಬ ಪದ ನೋಡಿ ನನಗೆ ತೋಟದ ಬಾವಿ ನೆನಪಾಯಿತು. ಹೆಣ್ಣುಮಗುವಿಗೆ ಕಾಸು ಕೊಟ್ಟು ಈಜು ಕಲಿಸುವ ಕಾಲವನ್ನು ನಾನು ಸಣ್ಣದೆನ್ನಲಾರೆ. ಆದರೆ ಐದೂ ಮೋಡಗಳಲ್ಲಿ ಮಗುವಿನ ಅಕ್ಷರ ಒಂದೂ ಇರಲಿಲ್ಲ. ನಮ್ಮನ್ನು ಯಾರೂ ಕೇಳಲಿಲ್ಲ. ಇವಳನ್ನು ಕೇಳಿದ್ದಾರೆ, ಉತ್ತರವನ್ನು ಬೇರೆಯವರು ಬರೆದಿದ್ದಾರೆ.

ರಾತ್ರಿ ಮಲಗುವಾಗ ಕೇಳಿದೆ, "ನಿನಗೇನು ಮಾಡ್ಬೇಕು ಅಂತಿದೆ ಪುಟ್ಟಿ?" ತುಂಬ ಹೊತ್ತು ಸುಮ್ಮನಿದ್ದಳು. ಮಲಗಿದಳೇನೋ ಎಂದುಕೊಂಡೆ.

"ಒಬ್ಳೇ ಹೋಗಿ ಮೊಸರು ತರ್ಬೇಕು ಅಜ್ಜಿ."

ಅಂಗಡಿ ನಮ್ಮ ಬೀದಿಯಲ್ಲೇ, ಒಂದು ತಿರುವಿನ ಆಚೆ. ದೊಡ್ಡ ರಸ್ತೆ ದಾಟಬೇಕಿಲ್ಲ, ಆದರೆ ಡೆಲಿವರಿ ಹುಡುಗರ ಸ್ಕೂಟರುಗಳು ನುಗ್ಗುತ್ತವೆ. ಸೊಸೆ ಬೇಡವೇ ಬೇಡ ಎಂದಳು. ಅವಳ ಭಯ ಸುಳ್ಳಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿ ಓಡಾಡಿದ ಊರು ಬೇರೆ, ಈ ಬೀದಿ ಬೇರೆ. ಹಳೆಯ ಇಪ್ಪತ್ತು ಪುಟದ ನೋಟ್‌ಬುಕ್ ಒಂದು ತರಿಸಿ ಮೂವರೂ ಕೂತೆವು. ಮೇಲೆ ಅಶ್ವಿನಿ ಎಂದು ನಾನು ಬರೆದೆ, ಅದೇನೆಂದು ಅವಳಿಗೆ ಹೇಳಬೇಕಾಯಿತು. ಉಳಿದದ್ದು ಅವಳದೇ ಅಕ್ಷರ. ಮೊದಲ ನಾಲ್ಕು ದಿನ ಅಜ್ಜಿ ಜೊತೆ, ಮಾತಾಡುವುದು ಮಾತ್ರ ನಾನು. ಆಮೇಲೆ ನಾಲ್ಕು ದಿನ ಅಜ್ಜಿ ಇಪ್ಪತ್ತು ಹೆಜ್ಜೆ ಹಿಂದೆ. ಆಮೇಲೆ ಅಜ್ಜಿ ತಿರುವಿನಲ್ಲಿ. ಬೆಳಿಗ್ಗೆ ಏಳೂಕಾಲು, ಆಗ ಗಾಡಿ ಕಡಿಮೆ, ಅಮ್ಮನೂ ಮನೆಯಲ್ಲಿರುತ್ತಾಳೆ. ಹೊತ್ತನ್ನು ಗೊತ್ತುಮಾಡಿದ್ದು ಸೊಸೆ. ಐವತ್ತು ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು ಎಂಬ ಕಳೆಯುವ ಲೆಕ್ಕವನ್ನು ಯಾರೂ ಹೇಳದೆ ಪುಟದ ಮೂಲೆಯಲ್ಲಿ ಮಾಡಿಟ್ಟಿದ್ದಳು. ಮೂರನೇ ಸಾಲಿಗೆ ಬಂದಾಗ ಹುರುಳಿ ಅಂದರೇನು ಎಂದು ಕೇಳಿದಳು. 1972ರ ಹೊಲದ ಕತೆ ಹೇಳಿದೆ. ಯೋಚಿಸಿ ಬರೆದಳು: ಅಂಗಡಿ ಮುಚ್ಚಿದ್ದರೆ ವಾಪಸ್ ಬರುವುದು, ಮುಂದಿನ ಅಂಗಡಿಗೆ ಹೋಗಬಾರದು.

ಭರಣಿ ಮಳೆ ಹುಟ್ಟಿದ ನಾಲ್ಕನೇ ದಿನ ಒಬ್ಬಳೇ ಹೋದಳು. ನಾನು ಗೇಟಿನ ಒಳಗೆ, ಸೊಸೆ ಮೇಲೆ ಬಾಲ್ಕನಿಯಲ್ಲಿ. ಆರು ನಿಮಿಷ. ಕೈಯಲ್ಲಿ ಮಡಿಸಿದ ಚೀಲ, ಮುಷ್ಟಿಯಲ್ಲಿ ಚಿಲ್ಲರೆ. ಆಮೇಲೆ ಅದು ದಿನದ ಕೆಲಸವಾಯಿತು, ನಾವು ನೋಡುವುದನ್ನು ಬಿಟ್ಟೆವು.

ಕೃತ್ತಿಕೆಯಲ್ಲಿ ಒಂದು ದಿನ ಖಾಲಿ ಚೀಲ ಹಿಡಿದು ಬಂದಳು. ಸೊಸೆ ಅಡುಗೆಮನೆಯಿಂದಲೇ "ಮೊಸರೆಲ್ಲೇ?" ಎಂದಳು.

"ಅಂಗಡಿ ಬಾಗಿಲು ಹಾಕಿತ್ತು. ಇವತ್ತು ಹುರುಳಿ, ಅಮ್ಮ."

ಚೀಲವನ್ನು ಮೊಳೆಗೆ ತಗುಲಿಸಿ, ಐವತ್ತರ ನೋಟನ್ನು ಡಬ್ಬಿಗೆ ಹಾಕಿ, ಹಲ್ಲುಜ್ಜಲು ಹೋದಳು. ಅವತ್ತು ಮಧ್ಯಾಹ್ನ ನಾವಿಬ್ಬರೂ ಸಾರನ್ನದಲ್ಲೇ ಊಟ ಮುಗಿಸಿದೆವು.